ಕೈ ಬಡಿದರೆ ಬಿಡಬೇಕು

ಮೊನ್ನೆ ರೋಣದ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಫೋನಿನ ಒಡೆದ ಗಾಜು ಬದಲಿಸಲು ಕೊಟ್ಟು ನಿಂತಿದ್ದೆ. ಅಲ್ಲೇ ಮೇಜಿನ ಮೇಲೆ ಯಾರದೋ ಹಳೆಯ ವಿಡಿಯೋ ಗೇಮಿನ ರಿಮೋಟನ್ನು ಬಿಚ್ಚಿ ಹರವಿದ್ದರು. ಹಿಡಿಯ ಕಪ್ಪು ರಬ್ಬರು ಹಳತಾಗಿ, ಕರಗಿ, ಬೆರಳಿಗೆ ಅಂಟುವಂತಾಗಿತ್ತು. ಅದರ ವಾಸನೆ... ಬಿಸಿಲಲ್ಲಿ ಬಿಟ್ಟ ಚಪ್ಪಲಿಯ ವಾಸನೆಗೆ ಅಂಗೈ ಬೆವರು ಸೇರಿದಂಥದ್ದು. ಅದು ಮೂಗಿಗೆ ಬಡಿದದ್ದೇ ತಡ, ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆ, ಮಧ್ಯಾಹ್ನದ ಹೊತ್ತು, ಗೋಡೆಗೆ ಬೆನ್ನು ಹಚ್ಚಿ ಕಾಲು ಮಡಚಿ ಕುಳಿತ ವೈನಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

ಹಳೆಯದು ನೆನಪಾದರೆ ಜನರಿಗೆ ಕಣ್ಣು ತೇವವಾಗುತ್ತದಂತೆ. ನನಗೆ ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಮೊದಲ ಹೆಂಡತಿ. ತವರು ಮುಶಿಗೇರಿ. ಸಾಲಿ ಕಲಿಯುವಾಗಲೇ ಕುಸ್ತಿಗೆ ಬಿದ್ದವಳು, ಕ್ರೀಡಾ ವಸತಿನಿಲಯದಲ್ಲಿ ಬೆಳೆದವಳು, ರಾಜ್ಯಮಟ್ಟದ ಕುಸ್ತಿಯಲ್ಲಿ ಗೆದ್ದು ಪದಕ ತಂದವಳು. ಹೆಣ್ಣು ನೋಡಲು ಹೋದಾಗ ಇದೆಲ್ಲ ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಷ್ಟೇ ಅಲ್ಲ, ಪದಕ ಕೊರಳಿಗೆ ಹಾಕಿಕೊಂಡು ನಿಂತ ಅವಳ ಫೋಟೋವನ್ನು ಅಣ್ಣ ತನ್ನ ಫೋನಿನಲ್ಲಿ ಇಟ್ಟುಕೊಂಡು ಬಜಾರದ ತುಂಬ ತೋರಿಸಿದ್ದ. "ನನ್ನ ಹೇಂತಿ ಪೈಲ್ವಾನಿ ಅದಾಳ್ರಿ" ಎಂದು ಹೇಳಿಕೊಳ್ಳುವುದು ಅವನಿಗೊಂದು ಶೋಕಿಯಾಗಿತ್ತು. ಮದುವೆಯಾದ ಮೇಲೂ ಅಭ್ಯಾಸ ಬಿಡಿಸುವುದಿಲ್ಲವೆಂದು ಅಪ್ಪ ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದರು. ಮದುವೆಯಾಗಿ ತಿಂಗಳು ಕಳೆಯುವುದರೊಳಗೆ ಅವ್ವ ಅವಳ ಬೂಟುಗಳನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದಳು. "ಮೊದಲ ಒಂದು ಕೂಸು ಆಗ್ಲಿ, ಆಮ್ಯಾಲ ನೋಡೂಣು" ಅಂದಳು. ಕೊಟ್ಟ ಮಾತು ಅಪ್ಪನಿಗೆ ನೆನಪಿರಲಿಲ್ಲ. ನನಗಿತ್ತು. ಕೇಳಿದ್ದಕ್ಕೆ, ನಿನಗ್ಯಾಕೆ ದೊಡ್ಡವರ ಉಸಾಬರಿ ಎಂದು ಬೈಸಿಕೊಂಡೆ.

ನಮ್ಮದು ಕಾಳುಕಡಿ ವ್ಯಾಪಾರದ ಮನೆ. ಅಣ್ಣ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದ. ಆ ವರ್ಷ ಅವನು ಹುಬ್ಬಳ್ಳಿಯಿಂದ ಟಿ.ವಿ.ಗೆ ಜೋಡಿಸುವ ಗೇಮಿನ ಪೆಟ್ಟಿಗೆ ತಂದ. ಅವನಿಗೆ ಹಿಡಿಸಿದ್ದು ಒಂದೇ ಆಟ. ಎಂಟು ಮೂಲೆಯ ತಂತಿಜಾಲಿಯ ಕಟಾಂಜನದೊಳಗೆ ಇಬ್ಬರು ಗುದ್ದಾಡುವ ಆಟ. ಗುದ್ದು, ಒದೆತ, ಕುಸ್ತಿ, ಕುತ್ತಿಗೆ ಹಿಸುಕುವುದು, ಎಲ್ಲವೂ ಅದರಲ್ಲಿತ್ತು. ಚಿಕ್ಕ ಮಕ್ಕಳ ಗೇಮಿನಂತೆ ಹಾರಿ ಬೆಂಕಿ ಉಗುಳುವುದು ಅದರಲ್ಲಿರಲಿಲ್ಲ. ದಣಿದವನ ಕೈ ತಾನಾಗಿ ಕೆಳಗಿಳಿಯುತ್ತಿತ್ತು, ಏಟು ಬಿದ್ದ ಹುಬ್ಬು ಊದಿ ಕಣ್ಣು ಮುಚ್ಚುತ್ತಿತ್ತು, ಚೆಲ್ಲಿದ ರಕ್ತದ ಕಲೆ ಆಟ ಮುಗಿಯುವವರೆಗೆ ನೆಲದ ಮೇಲೆ ಹಾಗೇ ಇರುತ್ತಿತ್ತು. ರವಿವಾರ ಅಣ್ಣನ ಗೆಳೆಯರು ಬಂದು ಕೂಗಾಡುತ್ತ ಆಡುತ್ತಿದ್ದರು. ವೈನಿ ಚಹಾ, ಮಿರ್ಚಿ ಭಜಿ ತಂದಿಟ್ಟು ಬಾಗಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದಳು. ಅವಳ ಭುಜ ತಾನಾಗಿ ಅಲುಗುತ್ತಿದ್ದುದನ್ನು ನಾನು ಗಮನಿಸಿದ್ದೆ...

ಒಂದು ಮಧ್ಯಾಹ್ನ ಅಪ್ಪ, ಅಣ್ಣ ಅಂಗಡಿಗೆ ಹೋಗಿ, ಅವ್ವ ಮಲಗಿದ ಮೇಲೆ ನಾನೇ ಕೇಳಿದೆ, "ವೈನಿ, ಆಡ್ತೀರೇನ್ರಿ?" ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕುಳಿತಳು. ಆಗ ನಾನು ಪದವಿ ಕಲಿಯುತ್ತಿದ್ದೆ. ಅವಳು ನನಗಿಂತ ಬಹಳ ದೊಡ್ಡವಳೇನಲ್ಲ. ಮೊದಲ ದಿನ ನಾನೇ ಗೆದ್ದೆ. ಆಮೇಲೆ ಒಂದು ದಿನವೂ ಗೆಲ್ಲಲಿಲ್ಲ.

ಅವಳಿಗೆ ಆ ಗುಂಡಿಗಳು ಬೇಗ ಒಲಿದವು. ಗುದ್ದಾಟ ಅವಳಿಗೆ ಬೇಕಿರಲಿಲ್ಲ. ಸಮಯ ನೋಡಿ ಎದುರಾಳಿಯ ಕಾಲು ಹಿಡಿದು ಕೆಡವಿ ಮೇಲೆ ಕೂರುತ್ತಿದ್ದಳು. ನಾನು ಗಾಬರಿಯಿಂದ ಎಲ್ಲ ಗುಂಡಿ ಒತ್ತಿದರೆ ನಗುತ್ತಿದ್ದಳು. "ಕೆಳಗ ಬಿದ್ದಾಗ ಒದ್ದಾಡಬಾರದು ತಂಗಿ, ಮೊದಲ ಉಸಿರು ತಗೋ" ಅನ್ನುತ್ತಿದ್ದಳು. ಕುತ್ತಿಗೆ ಹಿಸುಕುವ ಪಟ್ಟು ಮಾತ್ರ ಅವಳಿಗೆ ಹೊಸದು. ಅವಳ ಕುಸ್ತಿಯಲ್ಲಿ ಅದಿರಲಿಲ್ಲ. ಆಟದಲ್ಲಿ ಸಿಕ್ಕಿಬಿದ್ದವನು ಉಸಿರು ಸಾಲದೆ ಎದುರಾಳಿಯ ತೋಳನ್ನು ಪಟಪಟ ಬಡಿಯುತ್ತಿದ್ದ, ತೀರ್ಪು ಕೊಡುವ ಪಂಚ ಓಡಿಬಂದು ಬಿಡಿಸುತ್ತಿದ್ದ. ಹಾಗೆ ಬಡಿಯುವುದು ಸೋಲಲ್ಲವೇ, ನಾಚಿಕೆಯಲ್ಲವೇ ಎಂದು ನಾನು ಕೇಳಿದೆ.

"ನಾಚಿಕಿ ಎದಕ್ಕ? ಸೋತೇನಿ ಅಂತ ಹೇಳಾಕ ಅಂವಗ ಹಕ್ಕೈತಿ. ಕೈ ಬಡದರ ಬಿಡಬೇಕು. ಬಿಡಲಿಲ್ಲಂದ್ರ ಅದು ಆಟ ಅಲ್ಲ."

ಆ ಮಧ್ಯಾಹ್ನಗಳಲ್ಲಿ ವೈನಿಯ ಮುಖ ಬೇರೆಯೇ ಇರುತ್ತಿತ್ತು. ರೊಟ್ಟಿ ಬಡಿಯುವಾಗ, ಅವ್ವನ ಮಾತು ಕೇಳುವಾಗ ಇರುತ್ತಿದ್ದ ಮುಖವಲ್ಲ... ಗೆದ್ದಾಗ ಕೂಗುತ್ತಿರಲಿಲ್ಲ, ತುಟಿ ಒಂದಿಷ್ಟು ಬಿಗಿಹಿಡಿದು ಮೂಗಿನಿಂದ ಉಸಿರು ಬಿಡುತ್ತಿದ್ದಳು. ಅಷ್ಟೇ. ನನ್ನ ಕಣ್ಣಿಗೆ ಅವಳು ಆಗ ಕಂಡಷ್ಟು ಚೆಲುವಾಗಿ ಮತ್ತೆಂದೂ ಕಾಣಲಿಲ್ಲ.

ಒಂದು ಅಮಾವಾಸ್ಯೆಗೆ ಬಜಾರ ಬಂದ್ ಇತ್ತು. ಅಣ್ಣನ ಗೆಳೆಯರು ಬೆಳಿಗ್ಗೆಯೇ ಬಂದು ಕೂತಿದ್ದರು. ಜೋಡಿ ಆಡಲು ಒಬ್ಬ ಕಡಿಮೆ ಬಿದ್ದ. ವೈನಿಗೂ ಆಡಲು ಬರುತ್ತದೆ ಎಂದು ಹೇಳಿದವಳು ನಾನು. ಅದಕ್ಕಾಗಿ ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ. ಬೆಂಕಿ ಹಚ್ಚಿದವಳು ನೀನೇ ಎಂದು ಅವ್ವ ವರ್ಷಗಟ್ಟಲೆ ಹೇಳಿದಳು. ಬೆಂಕಿ ಹಚ್ಚಿದವರು ಯಾರೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಅಣ್ಣ ನಕ್ಕು, "ಬಾರಲೇ, ನಿನ್ನ ಕುಸ್ತಿ ನೋಡೇಬಿಡೂಣು" ಎಂದು ಕರೆದ. ವೈನಿ ಬೇಡವೆಂದಳು. ಗೆಳೆಯರು ಒತ್ತಾಯ ಮಾಡಿದರು. ಕೊನೆಗೆ ಕುಳಿತಳು. ಒಬ್ಬೊಬ್ಬರಾಗಿ ಗೆಳೆಯರು ಸೋತರು. ಅಣ್ಣನ ಸರದಿ ಬಂದಾಗ ಅವಳು ರಿಮೋಟು ಕೆಳಗಿಟ್ಟು, ಒಲೆಯ ಮೇಲೆ ಸಾರಿದೆ ಎಂದು ಎದ್ದಳು. ಅವನು ಕೈ ಹಿಡಿದು ಕೂರಿಸಿದ. ಆಟ ಶುರುವಾಗಿ ಬಹಳ ಹೊತ್ತಾಗಿರಲಿಲ್ಲ, ಅಣ್ಣ ಆಡಿಸುತ್ತಿದ್ದ ಆಳು ನೆಲಕ್ಕೆ ಬಿದ್ದ. ವೈನಿಯ ಹೆಣ್ಣಾಳು ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಬಿಗಿದಳು. ಅಣ್ಣ ಗುಂಡಿಗಳನ್ನೆಲ್ಲ ಒತ್ತಿದ. ಟಿ.ವಿ.ಯಲ್ಲಿ ಅವನ ಆಳು ಪಟಪಟ ಕೈ ಬಡಿದ. ಪಂಚ ಬಂದು ಬಿಡಿಸಿದ. ಗೆಳೆಯರು ಉರುಳಾಡಿ ನಕ್ಕರು. "ಹೇಂತಿ ಕಡೆ ಸೋತ್ಯಲ್ಲೋ ಮಗನ! ರಾತ್ರಿ ಏನ್ ಮಾಡ್ತೀಯೋ!" ಎಂದು ಒಬ್ಬ ಕೂಗಿದ.

ಅಣ್ಣನೂ ನಕ್ಕ. ಆ ನಗು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಲ್ಲು ಕಾಣುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ವೈನಿ ಎದ್ದು ಅಡುಗೆಮನೆ ಕಡೆ ತಿರುಗಿದಳು. "ಗೇಮಿನ್ಯಾಗ ಯಾರರೆ ಗೆಲ್ತಾರ, ಖರೇ ಆಟ ಆಡೂಣು ಬಾ" ಎಂದು ಅಣ್ಣ ಹಿಂದಿನಿಂದ ಅವಳ ಕುತ್ತಿಗೆಗೆ ತೋಳು ಹಾಕಿದ. ಮೊದಲು ಎಲ್ಲರೂ ಚೇಷ್ಟೆ ಎಂದುಕೊಂಡರು. ವೈನಿಯೂ ಹಾಗೇ ತಿಳಿದಿರಬೇಕು. "ಬಿಡ್ರಿ" ಅಂದಳು. ಅವನು ಬಿಗಿದ. ಅವಳ ಮುಖ ಕೆಂಪಾಯಿತು, ಕೊರಳ ನರ ಎದ್ದವು. ಅವಳು ಅವನ ತೋಳನ್ನು ಬಡಿದಳು. ಮತ್ತೆ ಬಡಿದಳು. ಅವನು ಬಿಡಲಿಲ್ಲ. "ಅಣ್ಣಾ ಬಿಡೋ!" ಎಂದು ನಾನು ಚೀರಿ ಅವನ ಅಂಗಿ ಹಿಡಿದು ಎಳೆದೆ. ಗೆಳೆಯರು ನೋಡುತ್ತ ಕೂತಿದ್ದರು. ಟಿ.ವಿ.ಯಲ್ಲಿ ಓಡಿಬಂದಂತೆ ಯಾವ ಪಂಚನೂ ನಮ್ಮ ಪಡಸಾಲೆಗೆ ಓಡಿಬರಲಿಲ್ಲ.

ಆಮೇಲೆ ಆದದ್ದು ಕಣ್ಣೆವೆ ಇಕ್ಕುವುದರೊಳಗೆ. ವೈನಿ ಸೊಂಟ ತಗ್ಗಿಸಿದಳು, ತಿರುಗಿದಳು, ಅಣ್ಣ ಅವಳ ಭುಜದ ಮೇಲಿಂದ ಹಾರಿ ನೆಲದ ಮೇಲೆ ಚಿತ್ ಬಿದ್ದಿದ್ದ. ಬೀಳುವಾಗ ಅವನ ತಲೆ ನೆಲದ ಕಲ್ಲಿಗೆ ಬಡಿಯದಂತೆ ಅವಳು ತನ್ನ ಅಂಗೈ ಒಡ್ಡಿದ್ದಳು. ಅದನ್ನು ಯಾರೂ ನೋಡಲಿಲ್ಲ, ನೋಡಿದವರು ಹೇಳಲಿಲ್ಲ. ಅವಳ ಬೆರಳ ಗೆಣ್ಣಿನ ತೊಗಲು ಕಿತ್ತು ರಕ್ತ ಬಂದಿತ್ತು.

ಅವ್ವ ಬಂದು ಎದೆ ಬಡಿದುಕೊಂಡಳು. ಗಂಡನ ಮೈಮೇಲೆ ಕೈ ಮಾಡಿದಳೆಂಬ ಮಾತು ಸಂಜೆಯೊಳಗೆ ಓಣಿ ತುಂಬಿತು.

ಮರುದಿನ ನಮ್ಮ ಮನೆಯಲ್ಲೇ ಹಿರಿಯರು ಕೂತರು. ವೈನಿಯ ಅಪ್ಪನನ್ನು ಮುಶಿಗೇರಿಯಿಂದ ಕರೆಸಿದ್ದರು. ಆತ ಟೊಪ್ಪಿಗೆ ಕೈಯಲ್ಲಿ ಹಿಡಿದು ಕಂಬದ ಹತ್ತಿರ ನಿಂತಿದ್ದ, ಕೂರು ಎಂದು ಯಾರೂ ಹೇಳಲಿಲ್ಲ. ನಾನು ನಡುವೆ ಹೋಗಿ ನಿಂತು ಗಟ್ಟಿಯಾಗಿ ಹೇಳಿದೆ, "ಅಣ್ಣ ಮೊದಲ ಕುತಗಿ ಹಿಡದಾನ್ರಿ. ವೈನಿ ಕೈ ಬಡದ್ರೂ ಬಿಡಲಿಲ್ಲ. ನಾ ಕಣ್ಣಾರೆ ನೋಡೇನ್ರಿ." ಹಿರಿಯರೊಬ್ಬರು ನನ್ನ ಕಡೆ ನೋಡದೆಯೇ, "ಹೆಣ್ಣಹುಡುಗೀನ ಒಳಗ ಕರ್ಕೊಳ್ರಿ" ಅಂದರು. ಅಣ್ಣನ ಗೆಳೆಯನನ್ನು ಕೇಳಿದರು. ರಾತ್ರಿ ಏನು ಮಾಡುತ್ತೀಯೋ ಎಂದು ಕೂಗಿದ್ದವನೇ ಅವನು. ಆಗ ತಾನು ಫೋನಿನಲ್ಲಿ ಮಾತಾಡುತ್ತಿದ್ದೆ, ಏನೂ ನೋಡಿಲ್ಲ ಅಂದ. ಈಗಲೂ ಬಜಾರದಲ್ಲಿ ಎದುರಾದರೆ ಆರಾಮೇನವಾ ತಂಗಿ ಎಂದು ಕೇಳುತ್ತಾನೆ. ನಾನು ಅವನನ್ನು ದಾಟಿ ಮುಂದೆ ಹೋಗುತ್ತೇನೆ.

ವೈನಿ ಗಂಡನ ಕಾಲಿಗೆ ಬಿದ್ದು ತಪ್ಪಾಯಿತು ಅನ್ನಬೇಕು, ಅಷ್ಟಾದರೆ ಮುಗಿಯಿತು ಎಂದು ತೀರ್ಪಾಯಿತು. ಅವಳ ಅಪ್ಪನೂ, "ಒಮ್ಮೆ ಬಿದ್ದಬಿಡವಾ, ಏನಾಗತೈತಿ" ಎಂದು ಬೇಡಿಕೊಂಡ. ವೈನಿ ತಲೆ ಎತ್ತಿದಳು. ಕೊರಳ ಮೇಲೆ ತೋಳು ಬಿಗಿದ ಗುರುತು ನೀಲಿಗಟ್ಟಿತ್ತು. ಕಣ್ಣಿದ್ದವರಿಗೆಲ್ಲ ಅದು ಕಾಣುತ್ತಿತ್ತು.

"ಅವರು ಬಿಡಲಿಲ್ರಿ, ನಾ ಬಿಡಿಸ್ಕೊಂಡೆ. ಜೀವ ಉಳಿಸ್ಕೊಂಡಿದ್ದಕ್ಕ ತಪ್ಪಾತು ಅಂತ ಹ್ಯಾಂಗ ಅನ್ಲಿ? ಅನ್ನೂದಿಲ್ಲ."

ಅಂದೇ ತನ್ನ ಅಪ್ಪನ ಜೊತೆ ಹೊರಟಳು. ಅಟ್ಟ ಹತ್ತಿ ಅವಳ ಬೂಟಿನ ಚೀಲ ಇಳಿಸಿಕೊಟ್ಟವಳು ನಾನು. ಅವ್ವ ತಡೆಯಲು ಬಂದಳು. ತಡೆದು ನೋಡು ಅಂದೆ. ವೈನಿ ನನ್ನ ಗಲ್ಲ ಹಿಡಿದು, "ಚಲೋತ್ನಾಗ ಓದು ತಂಗಿ" ಅಂದಳು. ತಿರುಗಿ ನೋಡಲಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಬಿ.ಎಡ್. ಓದಲು ನರಗುಂದಕ್ಕೆ ಹೋದಾಗ ಅವಳು ಅಲ್ಲೇ ಒಂದು ಸಾಲಿಯಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುತ್ತಿದ್ದಳು. ಮನೆಯಲ್ಲಿ ಹೇಳದೆ ಹೋಗಿ ಕಾಣುತ್ತಿದ್ದೆ. ಸೀಟಿ ಊದುತ್ತ, ಬೈಯುತ್ತ, ಬಿದ್ದವರನ್ನು ರಟ್ಟೆ ಹಿಡಿದು ಎಬ್ಬಿಸುತ್ತ ಮೈದಾನದ ತುಂಬ ಓಡಾಡುತ್ತಿದ್ದಳು. ದಪ್ಪಗಾಗಿದ್ದಳು, ದನಿ ಒರಟಾಗಿತ್ತು. ಆ ಗೇಮ್ ಮತ್ತೆ ಆಡಿದಿರಾ ಎಂದು ಕೇಳಿದರೆ ಜೋರಾಗಿ ನಕ್ಕಳು. "ಖರೇ ಆಟನ ಸಿಕ್ಕೈತಲ್ಲ ತಂಗಿ, ಅದನ್ಯಾಕ ಆಡ್ಲಿ?" ನಮ್ಮ ಮನೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಅವಳು ಆಡಬೇಕಿತ್ತು. ಅವಳು ಬೈಯಲಿಲ್ಲವಾದ್ದರಿಂದ ಆ ಸಿಟ್ಟೆಲ್ಲ ನನ್ನ ಪಾಲಿಗೆ ಉಳಿಯಿತು...

ನನಗೆ ರೋಣದಲ್ಲಿ ನೌಕರಿ ಸಿಕ್ಕ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ ಅಂದರು. ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ಮೈಯೆಲ್ಲ ಸೋತಿತ್ತಂತೆ. ತೀರಿಕೊಂಡ ಸುದ್ದಿ ಬಂದಾಗ ನಾನು ಗಜೇಂದ್ರಗಡದಲ್ಲೇ ಇದ್ದೆ. ಅವ್ವ ಅಪ್ಪನನ್ನು ಕೇಳಿದ್ದು ಒಂದೇ ಮಾತು, ನಾವು ತಲೆಗೆ ನೀರು ಹಾಕಿಕೊಳ್ಳಬೇಕೇ ಎಂದು. ಅಪ್ಪ ತಾಟಿನಿಂದ ತಲೆ ಎತ್ತದೆ, "ನಮಗೇನ್ ಸಂಬಂಧ?" ಅಂದರು. ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡರು.

ನಾನು ಹಿತ್ತಲಿಗೆ ಹೋಗಿ ಬಟ್ಟೆಯ ಸಮೇತ ತಲೆಯ ಮೇಲೆ ನೀರು ಸುರಿದುಕೊಂಡೆ. ತೊಟ್ಟಿಕ್ಕುವ ಬಟ್ಟೆಯಲ್ಲೇ ಅವರ ಊಟದ ಮುಂದೆ ಹಾದು ಒಳಗೆ ಹೋದೆ. ನೆಲವೆಲ್ಲ ಒದ್ದೆಯಾಯಿತು. ಬೇರೆ ಸೀರೆ ಉಟ್ಟು ಮುಶಿಗೇರಿಗೆ ಬಸ್ಸು ಹತ್ತಿದೆ. ಅಲ್ಲಿ ಅವಳ ಅವ್ವ, ನೀನು ಯಾರು ಎಂದು ಕೇಳಿದಳು. ನಾದಿನಿ ಅಂದೆ. ಆಕೆ ಬೈಯಬಹುದಿತ್ತು. ಜಾಗ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡಳು.

ಅಣ್ಣನಿಗೆ ಮತ್ತೊಂದು ಮದುವೆಯಾಗಿ ಈಗ ಮಕ್ಕಳೂ ಇವೆ. ಆ ದಿನದ ಕಥೆಯನ್ನು ಅವನೀಗ ನಗೆಮಾತು ಮಾಡಿಕೊಂಡಿದ್ದಾನೆ. ನಾಲ್ಕು ಜನ ನೆಂಟರು ಕೂಡಿದರೆ ಸಾಕು, "ಮೊದಲನೇಕಿ ಪೈಲ್ವಾನಿ ಇದ್ಲು, ಗೇಮ್ ಆಡಿ ತಲಿಕೆಟ್ಟು ನನ್ನ ಎತ್ತಿ ಒಗದಿದ್ಲು" ಎಂದು ಶುರುಮಾಡುತ್ತಾನೆ. ಹೋದ ವಾರವೂ ಮಗನ ಹುಟ್ಟುಹಬ್ಬದಲ್ಲಿ ಶುರುಮಾಡಿದ. ನೆಂಟರು ನಗಲು ಬಾಯಿ ತೆರೆದಿದ್ದರು. ನಾನು ತಾಟು ಕೆಳಗಿಟ್ಟೆ.

"ಪೂರಾ ಹೇಳಣ್ಣ. ಕುತಗಿ ಒತ್ತಿದ್ದು ಹೇಳು. ಅಕಿ ಕೈ ಬಡದ್ರೂ ನೀ ಬಿಡಲಿಲ್ಲ, ಅದನ್ನೂ ಹೇಳು."

ಅವನ ಮುಖದ ನಗು ಹಾಗೇ ನಿಂತಿತು. "ಹಳೇದೆಲ್ಲ ಯಾಕವಾ ಈಗ..." ಅಂದ. ಅವನು ಹೇಳುವುದಿಲ್ಲವೆಂದು ತಿಳಿದು ನಾನೇ ಎಲ್ಲ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ನೀಲಿಗಟ್ಟಿದ ಕೊರಳು, ತಲೆಯ ಕೆಳಗೆ ಒಡ್ಡಿದ ಅಂಗೈ, ಎಲ್ಲವನ್ನೂ. ಅಪ್ಪ ಎದ್ದು ಹೊರಗೆ ಹೋದರು. ಇನ್ನು ಆ ಮನೆಗೆ ನನ್ನನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಸಿಟ್ಟು ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಹೊರಡುವಾಗ ಅಣ್ಣನ ಈಗಿನ ಹೆಂಡತಿ ಬಾಗಿಲ ಮರೆಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಅವಳು ಈ ಮನೆಗೆ ಬಂದು ಎಷ್ಟೋ ವರ್ಷವಾಯಿತು. ಮೆಲ್ಲಗೆ ಕೇಳಿದಳು:

"ಆ ಅಕ್ಕನ ಹೆಸರು ಏನಿತ್ರೀ?"

ಪೈಲ್ವಾನಿ, ಮೊದಲನೇಕಿ, ಅಕಿ... ಇಷ್ಟು ಬಿಟ್ಟರೆ ಆ ಮನೆಯಲ್ಲಿ ಯಾರೂ ಅವಳಿಗೆ ಬೇರೇನೂ ಹೇಳಿರಲಿಲ್ಲ. ನಾನು ಹೆಸರು ಹೇಳಿದೆ. ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ಆ ಹೆಸರು ಕೂಗಿದರೆ ಓ ಅನ್ನುವವಳು ಒಬ್ಬಳೇ ಇದ್ದಳು, ಅವಳೂ ಈಗಿಲ್ಲ.