ಎಂಟು ಗಂಟೆಯ ಮೇಷ್ಟ್ರು

ಮೈಸೂರಿನ ನಿವೃತ್ತ ಚರಿತ್ರೆಯ ಮೇಷ್ಟ್ರು ನಂಜುಂಡಸ್ವಾಮಿಯವರು 2020ರ ಮಾರ್ಚ್ 2ರಂದು ನೆದರ್ಲೆಂಡ್ಸಿನ ಆಲ್ಮೆರೆ ಊರಿನಲ್ಲಿದ್ದ ಮಗಳು ಸಮೀಕ್ಷಾಳ ಮನೆಗೆ ಬಂದು, ವಿಮಾನಗಳು ನಿಂತದ್ದರಿಂದ ಅಲ್ಲಿಯೇ ಉಳಿದವರು. ಮನಸ್ಸಿನ ವಾಸ ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದಲ್ಲಿ. ಮೊಮ್ಮಗಳು ನಿಖಿತಾ ಬಿಸ್ಕತ್ತಿನ ಡಬ್ಬಿ ಬಚ್ಚಿಟ್ಟರೆ, "ಏಕಸ್ವಾಮ್ಯ ಕಣೇ ಇದು! 1890ರ ಜುಲೈ 2ಕ್ಕೇ ಕಾಯಿದೆ ಬಂದಿದೆ, ತೆಗಿ ಈಚೆ" ಎಂದು ಗದರುತ್ತಾರೆ; ಕೆಲಸ ಕಳೆದುಕೊಂಡ ಅಳಿಯ ಶ್ರೀಕರ ಪರಿಚಯದವರಿಗೆ ಫೋನು ಮಾಡಿದರೆ, "ವಶೀಲಿಗೆ 1883ರ ಜನವರಿ 16ಕ್ಕೇ ಕಾಯಿದೆಯ ಬೀಗ ಬಿತ್ತು ಅಳಿಯಂದಿರೇ" ಎಂದು ಹುಬ್ಬೇರಿಸುತ್ತಾರೆ. ಕಚೇರಿಯ ಕೆಲಸವನ್ನು ಊಟದ ಮೇಜಿಗೇ ತಂದುಕೊಂಡ ಮಗಳು ಸಂಜೆ ಮೀರಿದರೂ ಏಳದಿದ್ದರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. ಒಂದು ದಿನ ಪಂಚೆ ಎತ್ತಿ ಕಟ್ಟಿ, ಕ್ಯಾಮೆರಾದ ಮುಂದೆ ಮುಖವಿಟ್ಟು, ಅವಳ ಬಾಸಿಗೆ ಶುದ್ಧ ಇಂಗ್ಲಿಷಿನಲ್ಲಿ, "1886ರ ಮೇ 1! ಎಂಟು ಗಂಟೆ ದುಡಿಮೆ, ಉಳಿದದ್ದು ನಮ್ಮದು!" ಎಂದು ಸಾರಿ, ಲ್ಯಾಪ್‌ಟಾಪನ್ನು ಮುಚ್ಚಿಯೇಬಿಟ್ಟರು. "ಅಪ್ಪಾ, ಏನ್ ಮಾಡ್ಬಿಟ್ರಿ ನೀವು! ಟೀಮ್‌ನಲ್ಲಿ ಜನಾನ ತೆಗೀತಾ ಇದಾರೆ. ನನ್ ಜಾಬ್ ಹೋದ್ರೆ ಈ ದೇಶದಲ್ಲಿರೋ ಪರ್ಮಿಟ್ ಹೋಗತ್ತೆ, ಪರ್ಮಿಟ್ ಹೋದ್ರೆ ಈ ಮನೇನೂ ಬಿಡ್ಬೇಕು!" ಕಂಪನಿಯ ಮನೆಗಳಲ್ಲೇ ಬಾಡಿಗೆಗಿದ್ದ ಅಮೆರಿಕದ ರೈಲುಬೋಗಿ ಕಾರ್ಮಿಕರು 1894ರ ಮೇ 11ರಂದು ಹೂಡಿದ ಮುಷ್ಕರವನ್ನು ಮೇಷ್ಟ್ರು ವರ್ಷವರ್ಷವೂ ಪಾಠ ಮಾಡಿದ್ದರು, ಆದರೆ ಅದಕ್ಕೆ ಸೇರದವರು ಏಕೆ ಸೇರಲಿಲ್ಲವೆಂಬ ಪ್ರಶ್ನೆಯನ್ನು ಪರೀಕ್ಷೆಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಉತ್ತರ ಈಗ ಎದುರಿಗೇ ಕೂತು, ಲ್ಯಾಪ್‌ಟಾಪನ್ನು ಮತ್ತೆ ತೆರೆಯುತ್ತಿತ್ತು. ಅಂದಿನಿಂದ ಸಂಜೆ ಮೀರಿದರೆ ಮೇಷ್ಟ್ರು ಕ್ಯಾಮೆರಾಕ್ಕೆ ಕಾಣದಂತೆ ಮಂಡಿಯೂರಿ ತೆವಳಿಕೊಂಡು ಬಂದು, ಒಂದು ಹನಿಯೂ ಚೆಲ್ಲದ ಹಾಗೆ, ಕಾಫಿಯ ಲೋಟವನ್ನು ಕೆಳಗಿನಿಂದಲೇ ಮಗಳ ಕೈಗೆ ಎತ್ತಿಕೊಡುತ್ತಾರೆ.