ಹೊರಡುವಾಗ ಬಾಗದ ಮಾಸ್ತರು

ಮಾಸ್ತರ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಎಂದೂ ಸೇರುತ್ತಿರಲಿಲ್ಲ. ಹರೆಯದಲ್ಲಿ ಚೆಂಡು ಬಡಿದು ಮುರಿದದ್ದು, ಸರಿಯಾಗಿ ಕೂಡದೆ ಹೊರಗೆ ಚಾಚಿಕೊಂಡೇ ಉಳಿದಿತ್ತು. ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ಶಾಲೆಯೊಂದರ ಆಟದ ಹಾಲ್‌ನ ಬಾಗಿಲಲ್ಲಿ ಅವರು ಎರಡೂ ಕೈ ತೊಡೆಗೆ ಒತ್ತಿ, ಖಾಲಿ ನೆಲಕ್ಕೆ ಸೊಂಟದಿಂದ ಬಾಗುವಾಗ ಆ ಬೆರಳೊಂದು ಮಾತ್ರ ಮುನಿಸಿಕೊಂಡಂತೆ ಪಕ್ಕಕ್ಕೆ ನಿಂತಿರುತ್ತಿತ್ತು. ಮೊದಲ ದಿನ ನಾನು ನೋಡಿದ್ದು ಅದನ್ನೇ.

ಜಪಾನಿನವರು. ಅಲ್ಲಿಯ ಕ್ರೀಡಾ ಸಂಘದಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಎಲ್ಲರೂ ಟ್ರೈನರ್ ಅನ್ನುತ್ತಿದ್ದರು. ನಾನು ಧಾರವಾಡದವಳು, ಕಲಿಸುವವರೆಲ್ಲ ನಮಗೆ ಮಾಸ್ತರರೇ. "ಮಾಸ್ತರ ಅಂದರೇನು?" ಎಂದು ಕೇಳಿದರು. "ನೀವೇ" ಅಂದೆ. ಅಷ್ಟಕ್ಕೇ ಒಪ್ಪಿಕೊಂಡರು. ನಮ್ಮ ಮಾತೆಲ್ಲ ಜರ್ಮನ್ನಿನಲ್ಲಿ. ಅದನ್ನು ಅವರು ಒಂದು ಕಡೆ ಮುರಿದರೆ ನಾನು ಇನ್ನೊಂದು ಕಡೆ ಮುರಿಯುತ್ತಿದ್ದೆ.

ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ಮಗಳು ಹೊರಗೆ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಶಾಲೆಯವರು ಕರೆದು ಕರೆದು ಹೇಳಿದರು. ನಾನು ಬೈದೆ, ಅತ್ತೆ, ಮತ್ತೆ ಬೈದೆ. ಕಡೆಗೆ ಮಾಸ್ತರ ಹತ್ತಿರ ಆಟಕ್ಕೆ ಸೇರಿಸಿದೆ. ಮಾಸ್ತರು ಅವಳಿಗೆ ಚೆಂಡು ಕೂಡ ಕೊಡಲಿಲ್ಲ, ಒಂದು ಒದ್ದೆ ಬಟ್ಟೆ ಕೊಟ್ಟರು. ತಾವೂ ಒಂದು ಹಿಡಿದು ಮಂಡಿಯೂರಿದರು. ಇಬ್ಬರೂ ಆ ತುದಿಯಿಂದ ಈ ತುದಿಗೆ ನೆಲ ಒರೆಸತೊಡಗಿದರು. ನನಗೆ ಪಿತ್ತ ನೆತ್ತಿಗೇರಿ ಕನ್ನಡದಲ್ಲೇ, "ಅಲ್ರೀ, ಮಗಳನ್ನ ಆಡ್ಲಿಕ್ಕೆ ಕಳಿಸೇನಿ, ನೆಲಾ ಒರಸ್ಲಿಕ್ಕಲ್ಲ" ಅಂದುಬಿಟ್ಟೆ. ಮಾತು ತಿಳಿಯದಿದ್ದರೂ ಸಿಟ್ಟು ತಿಳಿದಿರಬೇಕು, ಅವರು ತಲೆ ಎತ್ತದೆ, "ಇವಳು ಒರೆಸಿದ ನೆಲದ ಮೇಲೆ ಇವಳಿಗೆ ಭಯ ಇರುವುದಿಲ್ಲ" ಎಂದರು.

ಕೆಲವು ವಾರ ಕಳೆದು ಕರೆದೊಯ್ಯಲು ಹೋದಾಗ ಒಳಗಿಂದ ಯಾರೋ ಚೆಂಡು ಕೊಡು ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನ್ನ ಮಗಳು. ನಾನು ಕಾರಿಗೆ ವಾಪಸ್ ಹೋಗಿ ಕೂತು ಮನಸಾರೆ ಅತ್ತೆ. ಆಮೇಲೆ ಹಾಲ್‌ನ ಬೀಗದ ಕೈ ಇಟ್ಟುಕೊಳ್ಳುವ ಕೆಲಸಕ್ಕೆ ನಾನೇ ಮುಂದೆ ಬಿದ್ದೆ.

ಬೀಗ ಹಾಕುವವಳಾದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಳಗೆ ಬರುವಾಗ ಬಾಗಬೇಕು, ಹೊರಡುವಾಗಲೂ ಬಾಗಬೇಕು ಎಂದು ಹುಡುಗಿಯರಿಗೆ ಕಲಿಸಿದ್ದರು. ನನ್ನ ಸೋದರಮಾವ ಗರಡಿಯ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದುದನ್ನು ಕಂಡವಳು, ಇದೆಲ್ಲ ನನಗೆ ಹೊಸದಲ್ಲ. ಆದರೆ ಮಾಸ್ತರು ಮಾತ್ರ ಹೊರಡುವಾಗ ಬಾಗುತ್ತಿರಲಿಲ್ಲ. ಊಟದ ಮಧ್ಯೆ ಕೈ ತೊಳೆಯಲು ಎದ್ದವರ ಹಾಗೆ, ಹಿಂದೆ ತಿರುಗಿ ನೋಡದೆ ಹೋಗಿಬಿಡುತ್ತಿದ್ದರು.

ನನಗೆ ಬಾಯಿ ಸುಮ್ಮನಿರುವುದಿಲ್ಲ, ಕೇಳಿದೆ. ಫ್ಲಾಸ್ಕಿನ ಚಹಾ ಬಗ್ಗಿಸಿಕೊಡುತ್ತಾ ಹೇಳಿದರು. ಹಿಮ ಬೀಳುವ ಸಣ್ಣ ಊರಿನ ಕಾರ್ಖಾನೆಯೊಂದರ ತಂಡ ಅವರದು. ಬೆಳಿಗ್ಗೆ ಆಫೀಸಿನ ಮೇಜು, ಮಧ್ಯಾಹ್ನದ ಮೇಲೆ ಚೆಂಡು. ಅವರೇ ಕ್ಯಾಪ್ಟನ್. ಕಾರ್ಖಾನೆಗೆ ಕೆಟ್ಟ ಕಾಲ ಬಂದಾಗ ಮೊದಲು ಕತ್ತರಿಸಿದ್ದು ತಂಡವನ್ನು. ಕೊನೆಯ ದಿನ ಒಬ್ಬೊಬ್ಬರೇ ಅಳುತ್ತಾ ನೆಲಕ್ಕೆ ಬಾಗಿ ಸಾಲಿಗೆ ನಿಂತರು. ಕಡೆಗೆ ಬಾಗಬೇಕಾದವನು ಕ್ಯಾಪ್ಟನ್.

"ಬಾಗಿದರೆ ಮುಗಿದೇ ಹೋಗುತ್ತದೆ ಅನ್ನಿಸಿತು. ಬಾಗದೆ ಬಂದುಬಿಟ್ಟೆ."

"ಅದಕ್ಕೇನಾತು?" ಅಂದೆ.

"ಕ್ಯಾಪ್ಟನ್ ಬಾಗದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಕನಸಿನಲ್ಲಿ ಅವರು ಇನ್ನೂ ಸಾಲಾಗಿ ನಿಂತಿದ್ದಾರೆ. ಕೆಲವರು ತೀರಿಕೊಂಡಿದ್ದಾರೆ, ಅವರೂ ನಿಂತಿದ್ದಾರೆ. ಹಾಲ್‌ನ ದೀಪ ಉರಿಯುತ್ತಲೇ ಇದೆ."

ನನ್ನ ಕೈಯ ಚಹಾ ಆರಿಹೋಯಿತು. ಆ ದಿನ ಬೀಗ ಹಾಕುವಾಗ ಎರಡೆರಡು ಸಲ ಒಳಗೆ ಇಣುಕಿದೆ.

ಕಾರ್ಖಾನೆ ಅವರನ್ನು ಜರ್ಮನಿಗೆ ಕಳಿಸಿದ ಮೇಲೆ, ಬಿಟ್ಟ ತಂಡವನ್ನು ಊರಿನವರೇ ಎತ್ತಿಕೊಂಡರಂತೆ. ಅಂಗಡಿಯವರು, ಹಲ್ಲಿನ ಡಾಕ್ಟರು, ಹಾಲು ಮಾರುವವರು ಸೇರಿ ವರ್ಷಗಟ್ಟಲೆ ಒದ್ದಾಡಿ ಅದನ್ನು ವೃತ್ತಿಪರ ತಂಡ ಮಾಡಿದರು. ಬೇರೆ ಹೆಸರು, ಊರಾಚೆ ದೊಡ್ಡ ಕ್ರೀಡಾಂಗಣ, ಡೋಲು, ಜನರನ್ನು ಕುಣಿಸಲು ಕರಡಿ ವೇಷದವನು. ಹೋದ ವರ್ಷ ಅವರು ಹಳೆಯ ಕ್ಯಾಪ್ಟನ್‌ನನ್ನು ಪಂದ್ಯಕ್ಕೆ ಕರೆದರು. ಮಾಸ್ತರು ಹೋಗಲೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದರು. "ಹೋಗ್ರಿ, ಹಳೇ ಹಾಲ್‌ಗೆ ಬಾಗಿ ಬಂದುಬಿಡ್ರಿ, ನಿಮಗೂ ನಿದ್ದಿ ಬರ್ತದ" ಎಂದು ಗದರಿಸಿ ನಾನೇ ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ಬಿಟ್ಟೆ. ಹೊರಡುವಾಗ ನಾವು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತೇವೆ ಎಂದು ಹಿಂದೊಮ್ಮೆ ಹೇಳಿದ್ದೆ. ಗೇಟಿನ ಬಳಿ ತಿರುಗಿ, ಕನ್ನಡದಲ್ಲೇ "ಬರ್ತೀನ್ರಿ" ಅಂದರು.

ಬಂದರು. ಹುಡುಗಿಯರಿಗೆ ಸಿಹಿ ತಂದಿದ್ದರು. ಹೊಸ ತಂಡ ಗೆದ್ದಿತಂತೆ, ಜನ ಎದ್ದು ನಿಂತು ಇವರಿಗೆ ಚಪ್ಪಾಳೆ ತಟ್ಟಿದರಂತೆ. ಹಳೆಯ ಹಾಲ್ ಕೆಡವಿ ಅಲ್ಲೀಗ ಸೂಪರ್‌ಮಾರ್ಕೆಟ್ಟಿನ ಕಾರು ನಿಲ್ಲಿಸುವ ಜಾಗ.

"ಬಾಗಿದಿರಾ?"

"ಬಾಗಿಲು ಯಾವ ಕಡೆ ಇತ್ತು ಅಂತಲೇ ಗೊತ್ತಾಗಲಿಲ್ಲ. ಕಾರುಗಳ ಮಧ್ಯೆ ಸುಮ್ಮನೆ ನಿಂತೆ. ಯಾರೋ ಒಬ್ಬಾಕೆ, ಜಾಗ ಖಾಲಿ ಮಾಡುತ್ತೀರಾ ಎಂದು ಹಾರ್ನ್ ಹೊಡೆದಳು." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ಆ ಸೊಟ್ಟ ಬೆರಳು ಹೊದಿಕೆಯ ಹೊರಗಿತ್ತು. "ನಮ್ಮ ಹಾಲ್‌ನ ಬಾಗಿಲಲ್ಲಿ ನನ್ನ ಪರವಾಗಿ ನೀವು ಬಾಗಿ. ಯಾವ ಹಾಲ್ ಆದರೇನು, ನೆಲ ಒಂದೇ. ನನಗೆ ಧೈರ್ಯವಾಗಲಿಲ್ಲ. ಅವರು ಮನೆಗೆ ಹೋಗಲಿ" ಎಂದರು. ಹೂಂ ಅಂದೆ. ಆ ವಾರವೇ ತೀರಿಕೊಂಡರು.

ಈಗ ಪ್ರತಿ ಗುರುವಾರ ಹುಡುಗಿಯರು ಬಾಗಿ ಹೊರಟ ಮೇಲೆ ಬಾಗಿಲಲ್ಲಿ ನಿಲ್ಲುತ್ತೇನೆ. ಮಾಸ್ತರು ಮೊಣಕಾಲಿಗೆ ಹಚ್ಚುತ್ತಿದ್ದ ಮುಲಾಮಿನ ವಾಸನೆ ಬರುತ್ತದೆ. ನೆಲದ ಮೇಲೆ ಶೂ ಕಿರ್ರೆಂದ ಹಾಗಾಗುತ್ತದೆ. ಹೀಟರಿನ ಪೈಪು ಅದು ಅನ್ನುತ್ತಾನೆ ಶಾಲೆಯ ಜವಾನ. ಇರಬಹುದು. ಆದರೆ ಆ ಸಾಲು ನನಗೀಗ ಕಾಣುತ್ತದೆ, ಅದರ ಕೊನೆಗೆ ಮಾಸ್ತರೂ ನಿಂತಿದ್ದಾರೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ.

ಕೈ ತೊಡೆಗೆ ಒತ್ತುತ್ತೇನೆ. ಬಾಗಿದರೆ ಅವರು ಹೋಗಿಯೇಬಿಡುತ್ತಾರೆ. ನನ್ನ ಮಗಳಿಗೆ ದನಿ ಕೊಟ್ಟವರನ್ನು ನನ್ನ ಕೈಯಾರೆ ಹೇಗೆ ಕಳಿಸಲಿ? ಸೊಂಟ ಬಗ್ಗುವುದಿಲ್ಲ. ಹೊರಗೆ ಕಾರಿನ ಹತ್ತಿರ ನಿಂತ ಮಗಳು ಜರ್ಮನ್ನಿನಲ್ಲಿ ಬೇಗ ಬಾ ಎಂದು ಕೂಗುತ್ತಾಳೆ, ಗಂಟಲು ಹರಿಯುವಂತೆ.

"ಬರ್ತೀನ್ರಿ, ಮಾಸ್ತರ" ಎಂದು ಒಳಗೆ ಹೇಳಿ ಬೀಗ ಹಾಕುತ್ತೇನೆ. ದೀಪ ಆರಿಸುವುದು ಮರೆತೇ ಹೋಗುತ್ತದೆ.