ಹೆರ್ಮೆಲಿಂದಾಗೆ ಸಿಗದ ಪದ

ನದಿಯಾಚೆ ಮೆಕ್ಸಿಕೊ, ಈಚೆ ಟೆಕ್ಸಾಸಿನ ನಮ್ಮೂರು. ಇಲ್ಲಿಯ ಸಣ್ಣ ನ್ಯಾಯಾಲಯದಲ್ಲಿ ಹೆರ್ಮೆಲಿಂದಾ ಒಚೋವಾ ಇಪ್ಪತ್ತಾರು ವರ್ಷ ದುಭಾಷಿಯಾಗಿದ್ದಳು. ನಾನು ಕಲಾಪ ಬರೆದುಕೊಳ್ಳುವವ. ಸಾಕ್ಷಿ ಅತ್ತರೂ ಬೈದರೂ ಅವಳ ದನಿ ಏರುತ್ತಿರಲಿಲ್ಲ. ಆಡಿದ್ದರಲ್ಲಿ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಹೇಳುತ್ತೇನೆಂದು ಆಣೆ ಮಾಡಿದವಳು ಅವಳು.

ಆ ದಿನ ಬಂದದ್ದು ಬೇಲಿ ಒತ್ತುವರಿಯ ಮೊಕದ್ದಮೆ. ಅಪೊಲೋನಿಯೊ, ಕಾಸ್ತುಲೊ ಅಕ್ಕಪಕ್ಕದ ಮನೆಯ ಮುದುಕರು, ಇಪ್ಪತ್ತೊಂದು ವರ್ಷದಿಂದ ಮಾತು ಬಿಟ್ಟವರು. ಇಬ್ಬರಿಗೂ ಸ್ಪ್ಯಾನಿಷ್ ಬಿಟ್ಟರೆ ಬೇರೆ ಬಾರದು. ನ್ಯಾಯಾಧೀಶರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು.

"ಈ ಫ್ಯೂಡ್ ಶುರುವಾದದ್ದು ಯಾವಾಗ?" ಎಂದು ಅವರು ಕೇಳಿದರು.

ಮನೆಮನೆಗಳ ನಡುವೆ ಬೇರುಬಿಟ್ಟ ಹಳೆಯ ಹಗೆಗೆ ಇಂಗ್ಲಿಷಿನವರು ಇಟ್ಟ ಹೆಸರು ಅದು. ಸ್ಪ್ಯಾನಿಷಿನಲ್ಲಿ ಅದಕ್ಕೆ ಸರಿಜೋಡಿ ಇಲ್ಲ. ಹೆರ್ಮೆಲಿಂದಾ 'ಪ್ಲೆಯ್ತೊ' ಎಂದಳು. ಅದು ಕೋರ್ಟು ಕಟ್ಲೆ, ಹೂಡಿದ್ದು ಮೊನ್ನೆ ಮಾರ್ಚಿನಲ್ಲಿ ಎಂದ ಅಪೊಲೋನಿಯೊ. 'ರಿನ್ಯಾ' ಎಂದಳು. ಅದು ಕುಡುಕರ ಹೊಡೆದಾಟ, ನಾನು ಕೈಯೆತ್ತಿದವನಲ್ಲ ಎಂದು ಕಾಸ್ತುಲೊ ಮುನಿದ. ಬೇರೆ ದಾರಿ ಕಾಣದೆ ಶತ್ರುತ್ವ ಎಂಬ ಅರ್ಥದ ಪದ ಹಿಡಿದಳು.

"ನನ್ನ ಮಗಳನ್ನ ಜ್ಞಾನಸ್ನಾನಕ್ಕೆ ಎತ್ಕೊಂಡೋನು ಇವನು. ಶತ್ರು ಅಂತೀಯೇನಮ್ಮ?" ಎಂದ ಅಪೊಲೋನಿಯೊ.

ಕಾಸ್ತುಲೊ ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ ಅವನತ್ತ ತಿರುಗಿದ. "ಈ ಯಮ್ಮಂಗೆ ಸ್ಪ್ಯಾನಿಷ್ ಯಾರು ಕಲಿಸಿದ್ರೋ, ಕೊಂಪಾದ್ರೆ?" ಮಗುವಿನ ಅಪ್ಪನೂ ಜ್ಞಾನಸ್ನಾನಕ್ಕೆ ಎತ್ತಿಕೊಂಡವನೂ ಒಬ್ಬರನ್ನೊಬ್ಬರು ಕರೆಯುವ ಪದ ಅದು.

"ಗಿಳಿ ಇರ್ಬೇಕು. ಅದೂ ಮುದಿ ಗಿಳಿ," ಎಂದ ಅಪೊಲೋನಿಯೊ.

ಆಣೆ ಆಣೆಯೇ. ಈ ದುಭಾಷಿಗೆ ಸ್ಪ್ಯಾನಿಷ್ ಕಲಿಸಿದ್ದು ಗಿಳಿ, ಅದೂ ಮುದಿ ಗಿಳಿ ಎಂದು ಹೆರ್ಮೆಲಿಂದಾ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ನಿವೇದಿಸಿದಳು. ನಾನು ಬರೆದುಕೊಂಡೆ. ನಿಮ್ಮ ಆಕ್ಷೇಪವಿದೆಯೇ ಎಂದು ನ್ಯಾಯಾಧೀಶರು ಅವಳನ್ನು ಕೇಳಿದರು.

"ದುಭಾಷಿಗೆ ಸ್ವಂತ ಅಭಿಪ್ರಾಯ ಇರಲ್ಲ, ಸ್ವಾಮಿ," ಎಂದಳು. ಕಿವಿ ಕೆಂಪಾಗಿತ್ತು.

ಹಾಗಾದರೆ ನಿಮ್ಮಿಬ್ಬರ ನಡುವಿನ ಈ ಮನಸ್ತಾಪಕ್ಕೆ ಮನೆಯಲ್ಲಿ ಏನನ್ನುತ್ತೀರಿ ಎಂದು ನ್ಯಾಯಾಧೀಶರು ಮುದುಕರನ್ನೇ ಕೇಳಿಸಿದರು. ಇಬ್ಬರೂ ಒಟ್ಟಿಗೆ "ಮೇಕೆ" ಎಂದರು. ಆ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ಹಬ್ಬಕ್ಕೆ ಕಾಸ್ತುಲೊ ಬಿಳಿ ಲಂಗ ಕೊಟ್ಟಿದ್ದ. ಹಿಂದಿನ ದಿನ ಅವನದೇ ಮೇಕೆ ಅದನ್ನು ತಿಂದಿತ್ತು. ಕೊಟ್ಟವನೇ ಕಿತ್ತುಕೊಂಡ ಎಂದು ಅಪೊಲೋನಿಯೊ. ನಾನು ಕೊಟ್ಟದ್ದನ್ನು ನನ್ನ ಮೇಕೆ ತಿಂದರೆ ನಿನಗೇನು ನಷ್ಟ ಎಂದು ಕಾಸ್ತುಲೊ.

ತೀರ್ಪಿನಲ್ಲಿ, ಉಭಯ ಪಕ್ಷಗಳ ನಡುವಿನ ಮೇಕೆ ಇಂದಿಗೆ ಮುಕ್ತಾಯಗೊಳ್ಳತಕ್ಕದ್ದು ಎಂದು ಬರೆಸಲಾಯಿತು. ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಓಲೆ ಬಂತು: ಮೇಕೆ ಈಗ ಯಾರ ವಶದಲ್ಲಿದೆ? ಸತ್ತು ಹತ್ತೊಂಬತ್ತು ವರ್ಷವಾಯಿತು, ಅನುವಾದ ಸರಿಯಿದೆ ಎಂದು ಹೆರ್ಮೆಲಿಂದಾ ಉತ್ತರಿಸಿದಳು. ಅನುವಾದದಲ್ಲೇ ಎಡವಟ್ಟಾಗಿದೆಯೆಂದು, ವಿಚಾರಣೆ ಮುಗಿಯುವವರೆಗೆ ಅವಳನ್ನು ಮನೆಗೆ ಕಳಿಸಿದರು. ಇಪ್ಪತ್ತಾರು ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೊಂದೇ ಸಲ.

ಅವಳ ಪರ ಸಾಕ್ಷಿ ಹೇಳಲು ಮುದುಕರಿಬ್ಬರೂ ಒಂದೇ ಬಸ್ಸಿನಲ್ಲಿ ಆ ಮೇಲಿನ ಕಚೇರಿಗೆ ಹೋದರು. ಅಲ್ಲಿಯ ದುಭಾಷಿ ಹೊಸ ಹುಡುಗಿ. ಅವಳು ಮೇಕೆಗೆ ಸ್ಪ್ಯಾನಿಷಿನ ಬೇರೊಂದು ಪದ ಹಿಡಿದು, ಆಡು ಎಂದಳಂತೆ. ಇಬ್ಬರೂ ಎದ್ದು ನಿಂತು, ನಮ್ಮದು ಆಡಲ್ಲ, ಮೇಕೆ, ಹೆರ್ಮೆಲಿಂದಾ ಬಂದ ಹೊರತು ಬಾಯಿ ಬಿಡುವುದಿಲ್ಲ ಎಂದು ಕೂತರು. ಮರುವಾರವೇ ಅವಳನ್ನು ಕೆಲಸಕ್ಕೆ ಕರೆಸಿಕೊಂಡರು.